ಡಿಸ್ಟಾರ್ಷನ್ ಪೆಡಲ್ ಒಳಗೆ ಟ್ಯೂಬ್ ಇರಲೇಬೇಕೇ? ಅನುಭವ ಇರುವವರು ತಿಳಿಸಿ

ಡೊಂಬಿವಲಿಯಿಂದ ಪ್ರಶ್ನೆ

ಎಲೆಕ್ಟ್ರಿಕ್ ಗಿಟಾರ್‌ಗೆ ಹೊಸ ಡಿಸ್ಟಾರ್ಷನ್ ಪೆಡಲ್ (ಕಾಲಿನಿಂದ ಒತ್ತಿದರೆ ಸದ್ದನ್ನು ಒರಟಾಗಿಸುವ ಪೆಟ್ಟಿಗೆ) ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಹಳೆಯ ರೇಡಿಯೊಗಳಲ್ಲಿದ್ದಂತಹ ಗಾಜಿನ ಟ್ಯೂಬ್ (ವಾಲ್ವ್) ಬೆಳಗುವ ಪೆಡಲ್ ತೋರಿಸಿ, ಇದಿಲ್ಲದೆ ನಿಜವಾದ ನಾದ ಬರುವುದೇ ಇಲ್ಲ ಎಂದರು. ಬೆಲೆ ಸಾದಾ ಪೆಡಲ್‌ನ ಮೂರು ಪಟ್ಟು. ರಾತ್ರಿ ಮನೆಯಲ್ಲಿ ಪೆಡಲನ್ನು ನೇರವಾಗಿ ಆಡಿಯೊ ಇಂಟರ್‌ಫೇಸ್‌ಗೆ (ಗಿಟಾರ್ ಸದ್ದನ್ನು ಕಂಪ್ಯೂಟರ್‌ಗೆ ಕೊಡುವ ಸಾಧನ) ಜೋಡಿಸಿ ಹೆಡ್‌ಫೋನ್‌ನಲ್ಲಿ ನುಡಿಸುತ್ತೇನೆ. ಈಗಿರುವ ಅಗ್ಗದ ಪೆಡಲ್‌ನ ಸದ್ದು ಕಿವಿಗೆ ಚುಚ್ಚುತ್ತದೆ. ಭಾನುವಾರ ಬ್ಯಾಂಡ್ ಅಭ್ಯಾಸದ ಕೋಣೆಯಲ್ಲಿ ರೋಲ್ಯಾಂಡ್ ಜೆಸಿ-120 ಆಂಪ್ಲಿಫೈಯರ್ (ಆಂಪ್) ಇದೆ. ಇಷ್ಟು ಹಣ ಹಾಕಲೇ?

ಪುಣೆ, ಕೋಥ್ರೂಡ್

ಅಂಗಡಿಯವರು ಹೇಳಿದ ಕಾರಣಕ್ಕಂತೂ ಹಾಕಬೇಡಿ. ಡಿಸ್ಟಾರ್ಷನ್ ಎಂದರೆ ತರಂಗದ ನೆತ್ತಿಯನ್ನೂ ತಳವನ್ನೂ ಕತ್ತರಿಸುವುದು. ಆ ಕೆಲಸವನ್ನು ಟ್ಯೂಬ್ ಮಾಡಬಹುದು, ಟ್ರಾನ್ಸಿಸ್ಟರ್ ಮಾಡಬಹುದು, ತಪಕೀರ್ ಗಲ್ಲಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಡಯೋಡ್ ಕೂಡ ಮಾಡಬಹುದು. 1962ರ ಮೇಸ್ಟ್ರೊ ಫಜ್-ಟೋನ್‌ನಲ್ಲಿ ಇದ್ದದ್ದು ಜರ್ಮೇನಿಯಂ ಟ್ರಾನ್ಸಿಸ್ಟರ್. 1978ರ ಬಾಸ್ ಡಿಎಸ್-1 ಡಯೋಡ್‌ಗಳಿಂದ ಕತ್ತರಿಸುತ್ತದೆ. ಲೋಕವೆಲ್ಲ ಕೊಂಡಾಡುವ ಐಬನೇಜ್ ಟ್ಯೂಬ್ ಸ್ಕ್ರೀಮರ್ ಒಳಗೂ ಟ್ಯೂಬ್ ಇಲ್ಲ; ಸದ್ದನ್ನು ಹೆಚ್ಚಿಸುವ ಒಂದು 4558 ಚಿಪ್, ಅದರ ಫೀಡ್‌ಬ್ಯಾಕ್ ದಾರಿಯಲ್ಲಿ ಡಯೋಡ್‌ಗಳು, ಅಷ್ಟೇ.

ಕಿವಿಗೆ ಹಿತವಾದ ಸಮಸಂಖ್ಯೆಯ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ನಾಲ್ಕು ಪಟ್ಟು ಕಂಪನದ ಉಪಸ್ವರಗಳು) ಟ್ಯೂಬ್‌ನಿಂದ ಮಾತ್ರ ಬರುತ್ತವೆ ಎಂದೂ ನಿಮಗೆ ಯಾರಾದರೂ ಹೇಳುತ್ತಾರೆ. ಅದೂ ಸರಿಯಲ್ಲ. ತರಂಗದ ಎರಡು ಬದಿಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿದರೆ ಅವು ಬಂದೇ ಬರುತ್ತವೆ. ಬಾಸ್ ಎಸ್‌ಡಿ-1 ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಡಯೋಡ್ ಇಟ್ಟು ಇದನ್ನೇ ಸಾಧಿಸುತ್ತದೆ.

ಇನ್ನು ಬೆಳಗುವ ಟ್ಯೂಬ್‌ನ ವಿಷಯ. ಸಾಮಾನ್ಯವಾಗಿ ಹಾಕುವುದು 12ಎಎಕ್ಸ್7 ಎಂಬ ಟ್ಯೂಬ್. ಗಿಟಾರ್ ಆಂಪ್‌ನಲ್ಲಿ ಅದರ ಪ್ಲೇಟ್‌ಗೆ (ಒಳಗಿನ ಲೋಹದ ತಗಡು) ಸುಮಾರು 150ರಿಂದ 250 ವೋಲ್ಟ್ ಸಿಗುತ್ತದೆ. ಅನೇಕ ಟ್ಯೂಬ್ ಪೆಡಲ್‌ಗಳಲ್ಲಿ ಹತ್ತು-ಹನ್ನೆರಡು ವೋಲ್ಟ್ ಸಿಕ್ಕರೆ ಹೆಚ್ಚು. ಆಗ ದುಡಿಮೆಯ ಬಹುಪಾಲು ಅಕ್ಕಪಕ್ಕದ ಚಿಪ್‌ನದು. ಕೆಲವು ತಯಾರಕರು ಟ್ಯೂಬ್‌ನ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟು ಹೊಳಪು ಹೆಚ್ಚಿಸುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ, ಏಕೆಂದರೆ ಉಳಿತಾಯದ ಹಣದಲ್ಲಿ ಮೊದಲ ಪೆಡಲ್ ಕೊಳ್ಳುವ ಹುಡುಗರು ಆ ಬೆಳಕಿಗೆ ದುಡ್ಡು ಕೊಡುತ್ತಾರೆ.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಪೆಡಲ್ ಪೂರ್ತಿ ತಣ್ಣಗಿರುವಾಗ ಕರೆಂಟ್ ಕೊಟ್ಟು, ಕೂಡಲೇ ಪೆಡಲ್ ಒತ್ತಿ ನುಡಿಸಿ. ಟ್ಯೂಬ್ ಬಿಸಿಯಾಗಲು ಹತ್ತಾರು ಸೆಕೆಂಡ್ ಬೇಕು. ಸದ್ದು ಅದರ ಮೂಲಕವೇ ಹಾದುಹೋಗುವಂತಿದ್ದರೆ ಮೊದಲು ಏನೂ ಕೇಳದೆ, ನಿಧಾನವಾಗಿ ಏರುತ್ತದೆ. ಮೊದಲ ಕ್ಷಣದಿಂದಲೇ ಪೂರ್ಣ ಡಿಸ್ಟಾರ್ಷನ್ ಬಂದರೆ ಅದು ಟ್ಯೂಬ್‌ನದಲ್ಲ.

ಮಾಹಿಮ್

ತಮ್ಮಾ, ಗಿಟಾರ್ ನುಡಿಸುವವಳು ನನ್ನ ಮಗಳು. ನಾನು ಬೆಂಗಳೂರಿನ ಬಿಇಎಲ್ ವಾಲ್ವ್‌ಗಳು ಬರುತ್ತಿದ್ದ ಕಾಲದಿಂದ ರೇಡಿಯೊ ರಿಪೇರಿ ಮಾಡಿದವನು. ಒಂದೇ ಮಾತು. ಪೆಡಲ್ ಸಣ್ಣದಿದೆ, 12 ವೋಲ್ಟ್ ಅಡಾಪ್ಟರ್ ಎಂದು ಧೈರ್ಯದಿಂದ ತೆರೆಯಬೇಡಿ. ಕೆಲವು ಪೆಡಲ್‌ಗಳು ಅಷ್ಟರಿಂದಲೇ ಒಳಗೆ 200 ವೋಲ್ಟ್‌ಗಿಂತ ಹೆಚ್ಚು ಉತ್ಪಾದಿಸುತ್ತವೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರುತ್ತದೆ. ಅಮೆರಿಕದಿಂದ ತರಿಸಿದ 120 ವೋಲ್ಟ್‌ನ ಪೆಡಲ್ ಆದರೆ ನಮ್ಮ 230ಕ್ಕೆ ನೇರ ಚುಚ್ಚಬಾರದು; ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ.

ಠಾಣೆ

ಎಲ್ಲರೂ ಪೆಡಲ್ ಬಗ್ಗೆಯೇ ಮಾತನಾಡುತ್ತಿದ್ದೀರಿ. ಪ್ರಶ್ನೆ ಕೇಳಿದವರ ತೊಂದರೆ ಇರುವುದು ಪೆಡಲ್ ಆದ ಮೇಲೆ! ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೊಹರ್ಟ್ಜ್ ದಾಟಿದ ಸದ್ದನ್ನು ತೀವ್ರವಾಗಿ ತಗ್ಗಿಸುತ್ತದೆ. ಡಿಸ್ಟಾರ್ಷನ್‌ನ ಮುಳ್ಳುಗಳೆಲ್ಲ ಇರುವುದು ಅದರಾಚೆಗೆ. ಹೆಡ್‌ಫೋನ್ ಹಾಗೆ ತಗ್ಗಿಸುವುದಿಲ್ಲ, ಇದ್ದದ್ದನ್ನೆಲ್ಲ ಕೇಳಿಸುತ್ತದೆ. ಇಂಟರ್‌ಫೇಸ್‌ಗೆ ನೇರ ಜೋಡಿಸಿದರೆ ಎಷ್ಟೇ ದುಬಾರಿ ಟ್ಯೂಬ್ ಪೆಡಲ್ ಕೂಡ ಚುಚ್ಚುತ್ತದೆ.

ಕಂಪ್ಯೂಟರ್‌ನಲ್ಲಿ ಉಚಿತವಾಗಿ ಸಿಗುವ ಆಂಪ್ ಮತ್ತು ಕ್ಯಾಬಿನೆಟ್ ಸಿಮ್ಯುಲೇಶನ್ (ಆಂಪ್ ಮತ್ತು ಅದರ ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸುವ ಸಾಫ್ಟ್‌ವೇರ್) ಹಾಕಿಕೊಂಡು, ಈಗಿರುವ ಪೆಡಲನ್ನೇ ನುಡಿಸಿ ನೋಡಿ. ನಮ್ಮ ಕಟ್ಟಡದ ಗೋಡೆಗಳು ತೆಳು, ನಾನೂ ವರ್ಷಗಳಿಂದ ಹೆಡ್‌ಫೋನ್‌ನಲ್ಲೇ ನುಡಿಸುವವನು. ಸದ್ದಿನಲ್ಲಿ ಇಷ್ಟು ದೊಡ್ಡ ಬದಲಾವಣೆ ಯಾವ ಪೆಡಲ್‌ನಿಂದಲೂ ನನಗೆ ಸಿಕ್ಕಿಲ್ಲ. ಅಂದ ಹಾಗೆ, ಜೆಸಿ-120ರಲ್ಲಿ ಎರಡು 12 ಇಂಚಿನ ಸ್ಪೀಕರ್‌ಗಳಿವೆ. ಭಾನುವಾರ ಇದೇ ಪೆಡಲ್ ಅಲ್ಲಿ ಹೇಗೆ ಕೇಳುತ್ತದೆ?

ಮಡಗಾಂವ್

ಪುಣೆಯವರ ಲೆಕ್ಕ ಒಪ್ಪುತ್ತೇನೆ, ತೀರ್ಪನ್ನು ಪೂರ್ತಿ ಒಪ್ಪುವುದಿಲ್ಲ. ಬಿ.ಕೆ. ಬಟ್ಲರ್ ಅವರ ಟ್ಯೂಬ್ ಡ್ರೈವರ್ ಪೆಡಲ್‌ನಲ್ಲೂ 12ಎಎಕ್ಸ್7ಗೆ ಸಿಗುವುದು ಕಡಿಮೆ ವೋಲ್ಟೇಜೇ, ಅದರ ಹಿಂದೆ ಆಪ್-ಆಂಪ್ ಚಿಪ್ ಕೂಡ ಇದೆ. ಆದರೂ ಡೇವಿಡ್ ಗಿಲ್ಮೋರ್, ಎರಿಕ್ ಜಾನ್ಸನ್ ಅಂತಹ ಹೆಸರಾಂತ ಗಿಟಾರ್ ವಾದಕರು ಅದನ್ನು ಆರಿಸಿಕೊಂಡರು. ವೋಲ್ಟ್ ಕಡಿಮೆ ಎಂದ ಮಾತ್ರಕ್ಕೆ ಅದು ಅಲಂಕಾರ ಎನ್ನುವುದು ಅವಸರವಾಯಿತು. ಸರ್ಕ್ಯೂಟ್ ಕಟ್ಟಿದವರ ಕಿವಿ ಹೇಗಿತ್ತು ಎನ್ನುವುದೂ ಮುಖ್ಯ.

ನಾನು ಬೀಚ್ ಕಡೆಯ ಹೋಟೆಲ್‌ಗಳಲ್ಲಿ ನುಡಿಸುತ್ತೇನೆ. ಅಲ್ಲಿ ಯಾವ ಆಂಪ್ ಸಿಗುತ್ತದೆಂದು ಮೊದಲೇ ಗೊತ್ತಿರುವುದಿಲ್ಲ. ಹೆಚ್ಚು ವೋಲ್ಟ್‌ನ ಟ್ಯೂಬ್ ಪೆಡಲ್ ಇಟ್ಟುಕೊಂಡಿರುವುದು ಅದಕ್ಕೇ. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸದ್ದು ತಿಳಿಯಾಗುತ್ತದೆ, ಬಲವಾಗಿ ಮೀಟಿದರೆ ಒರಟಾಗುತ್ತದೆ. ಇದು ಬೆರಳಿಗೆ ತಿಳಿಯುವ ಸುಖ. ಒಳ್ಳೆಯ ಟ್ರಾನ್ಸಿಸ್ಟರ್ ಪೆಡಲ್‌ಗಳಲ್ಲೂ ಇದು ಸಿಗುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಬೇಕು, ಆದರೆ ನನ್ನ ಕೈಗೆ ಒಗ್ಗಿದ್ದು ಇದು. ಮಳೆಗಾಲದಲ್ಲಿ ಟ್ಯೂಬ್‌ಗೆ ಏನೂ ಆಗುವುದಿಲ್ಲ, ಅದರ ಸಾಕೆಟ್‌ಗೆ ಕಿಲುಬು ಹಿಡಿದು ಕರಕರ ಸದ್ದು ಬರುತ್ತದೆ. ಜೂನ್‌ಗೆ ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹಾಕಿಸುತ್ತೇನೆ.

ಡೊಂಬಿವಲಿ

ಎಲ್ಲರಿಗೂ ಧನ್ಯವಾದ. ಠಾಣೆಯವರು ಕೇಳಿದ್ದು ಸರಿ, ಭಾನುವಾರ ಇದೇ ಪೆಡಲ್ ಅಷ್ಟು ಚುಚ್ಚುವುದಿಲ್ಲ. ನಿನ್ನೆ ರಾತ್ರಿ ಕ್ಯಾಬಿನೆಟ್ ಸಿಮ್ಯುಲೇಶನ್ ಹಾಕಿದೆ, ಮುಳ್ಳು ಹೋಗಿದೆ. ಆದರೆ ಮಡಗಾಂವ್‌ನವರು ಹೇಳಿದ ವಾಲ್ಯೂಮ್ ಇಳಿಸುವ ಪ್ರಯೋಗದಲ್ಲಿ ನನ್ನ ಪೆಡಲ್ ತಿಳಿಯಾಗದೆ ಬರೀ ಮಂಕಾಗುತ್ತದೆ. ಮುಂದೆ ಟ್ಯೂಬ್ ಪೆಡಲ್ ಕೊಂಡರೆ ಈಗಿನ 9 ವೋಲ್ಟ್ ಅಡಾಪ್ಟರ್ ಸಾಕಾಗುತ್ತದೆಯೇ?

ಪುಣೆ, ಕೋಥ್ರೂಡ್

ಸಾಕಾಗುವುದಿಲ್ಲ. 12ಎಎಕ್ಸ್7ರ ಹೀಟರ್ (ಟ್ಯೂಬನ್ನು ಬಿಸಿ ಮಾಡುವ ತಂತಿ) ಒಂದೇ 12.6 ವೋಲ್ಟ್‌ನಲ್ಲಿ 150 ಮಿಲಿಆಂಪ್ ಕೇಳುತ್ತದೆ. ಡಿಎಸ್-1 ಅಂತಹ ಪೆಡಲ್‌ಗೆ ಕೆಲವೇ ಮಿಲಿಆಂಪ್ ಸಾಕು. ಪೆಡಲ್ ಜೊತೆಗೆ ಬಂದ ಅಡಾಪ್ಟರನ್ನೇ ಬಳಸಿ, ಕೆಲವಕ್ಕೆ ಎಸಿ ಬೇಕಾಗುತ್ತದೆ. ಮಂಕಾಗುವ ತೊಂದರೆಗೆ ಮೊದಲು ಎಸ್‌ಡಿ-1 ಒಂದನ್ನು ಸ್ನೇಹಿತರಿಂದ ತಂದು, ಗೇನ್ (ಡಿಸ್ಟಾರ್ಷನ್ ಪ್ರಮಾಣದ ಗುಂಡಿ) ಅರ್ಧಕ್ಕಿಂತ ಕಡಿಮೆ ಇಟ್ಟು, ಜೆಸಿ-120ರ ಜೊತೆ ನುಡಿಸಿ ನೋಡಿ. ಮಡಗಾಂವ್‌ನವರ ಆಕ್ಷೇಪ ಸರಿಯಾಗಿದೆ, ಟ್ಯೂಬ್ ಡ್ರೈವರ್ ವಿಷಯದಲ್ಲಿ ನನ್ನ ಬಳಿ ಉತ್ತರವಿಲ್ಲ. ಅದರ ಸದ್ದು ನನಗೂ ಇಷ್ಟ.