ಗಲ್ಲಾಕ್ಕೊಂದು ಆಯೋಗ

ಪುಣೆಯ ಸದಾಶಿವ ಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಇಡ್ಲಿ ಸುಲಭ, ಕುರ್ಚಿ ಕಷ್ಟ. ಎಂಪಿಎಸ್‌ಸಿಗೆ, ಅಂದರೆ ಮಹಾರಾಷ್ಟ್ರ ಲೋಕಸೇವಾ ಆಯೋಗದ ಸರ್ಕಾರಿ ನೌಕರಿ ಪರೀಕ್ಷೆಗೆ ಓದುವ ಹುಡುಗರು ಅಭ್ಯಾಸಿಕೆ ಎಂಬ ಓದುವ ಕೋಣೆಗಳಿಂದ ಎದ್ದು ಬಂದಿರುತ್ತಾರೆ. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ನೋಟ್ಸ್. ಅವತ್ತು ಒಬ್ಬನ ಮೂಲಭೂತ ಹಕ್ಕುಗಳ ಮೇಲೆ ಸಾಂಬಾರ್ ಬಿದ್ದು ಪುಟವೆಲ್ಲ ಹಳದಿಯಾಗಿತ್ತು.

ಮೂಲೆಯ ಮೇಜು ನಮ್ಮದು. ನಾನು, ವಿಜಯಪುರದ ಪಾಟೀಲ, ಎಪ್ಪತ್ತು ದಾಟಿದ ಮೇಷ್ಟ್ರು. ಹೋಟೆಲಿನ ಶೆಟ್ಟರು ನಿಂತುಕೊಂಡೇ ಹರಟೆಗೆ ಸೇರುತ್ತಾರೆ.

"ಗಲ್ಲಾದಲ್ಲಿ ಕೂರೋಕೆ ಜನ ಬೇಕು ಮಾರಾಯ್ರೆ. ಭಾಮೈದ ಊರಲ್ಲಿ ಸುಮ್ನೆ ಕೂತಿದ್ದಾನೆ, ಕರೆಸ್ತೇನೆ" ಎಂದರು.

"ನಿನ್ನಿ ಸರ್ಕಾರಿ ನೌಕ್ರಿ ಅಂದ್ರ ಬರೇ ವಶೀಲಿ ಅಂತ ಬೈದವರು ನೀವ ಅಲ್ರೀ?" ಎಂದ ಪಾಟೀಲ.

"ಅದು ಊರಿನ ದುಡ್ಡು. ಇದು ನನ್ನದು."

ಮಾತು ಸರಿಯೇ. ಆದರೆ ಮೇಷ್ಟ್ರು ಕನ್ನಡಕ ಒರೆಸಲು ಶುರು ಮಾಡಿದ್ದರು. ಅವರು ಕನ್ನಡಕ ಒರೆಸಿದರೆ ಇತಿಹಾಸ ಬಂತು ಎಂದೇ ಅರ್ಥ.

"ಅಮೆರಿಕದಲ್ಲಿ ಗಿಟೋ ಅಂತ ಒಬ್ಬ. ಚುನಾವಣೆಯಲ್ಲಿ ನಿಮ್ಮ ಪರ ಭಾಷಣ ಬರೆದಿದ್ದೇನೆ, ಪ್ಯಾರಿಸ್‌ನಲ್ಲಿ ಕಾನ್ಸಲ್ ಅನ್ನೋ ಸರ್ಕಾರಿ ಪ್ರತಿನಿಧಿ ಕೆಲಸ ಕೊಡಿ ಅಂತ ಅಧ್ಯಕ್ಷ ಗಾರ್‌ಫೀಲ್ಡ್ ಬೆನ್ನು ಹತ್ತಿದ. ಸಿಗಲಿಲ್ಲ. 1881ರಲ್ಲಿ ರೈಲ್ವೆ ಸ್ಟೇಷನ್ನಿನಲ್ಲೇ ಗುಂಡು ಹೊಡೆದ. ಆಮೇಲೆ 1883ರಲ್ಲಿ ಪೆಂಡಲ್‌ಟನ್ ಕಾಯ್ದೆ ಬಂತು. ಕೆಲಸ ಬೇಕಾದರೆ ಪರೀಕ್ಷೆ ಬರಿ ಅಂತ."

"ನನ್ನ ಭಾಮೈದ ಹಾಗಲ್ಲ" ಎಂದರು ಶೆಟ್ಟರು. "ಅವನ ಅಕ್ಕ ಹಾಗೆ."

ಅಲ್ಲಿಗೆ ಪರೀಕ್ಷೆ ಮಾಡಿ ಜನ ಆರಿಸಲು ಹೋಟೆಲಿಗೂ ಲೋಕಸೇವಾ ಆಯೋಗದಂಥ ಒಂದು ಆಯೋಗ ಬೇಕೆಂದು ತೀರ್ಮಾನವಾಯಿತು. ರಾಜ್ಯ ಆಯೋಗದ ಸದಸ್ಯರಿಗೆ ಅವಧಿ ಆರು ವರ್ಷ, ಇಲ್ಲವೇ ವಯಸ್ಸು 62 ತುಂಬುವವರೆಗೆ ಮಾತ್ರ. ಮೇಷ್ಟ್ರು ಔಟ್. 58ರ ಪಾಟೀಲ ಅಧ್ಯಕ್ಷನಾದ. ಅಂಥವರ ನಡತೆ ಸರಿಯಿಲ್ಲ ಅನ್ನಿಸಿದರೂ ಸರ್ಕಾರ ಸುಮ್ನೆ ಕಿತ್ತುಹಾಕುವಂತಿಲ್ಲ. ಸುಪ್ರೀಂ ಕೋರ್ಟ್ ವಿಚಾರಿಸಬೇಕು, ರಾಷ್ಟ್ರಪತಿ ಆದೇಶ ಕೊಡಬೇಕು ಎಂದರು ಮೇಷ್ಟ್ರು.

"ಈಗ್ಲೂ ಇವರನ್ನ ಎಬ್ಬಿಸೋಕೆ ಆಗೋದಿಲ್ಲ" ಎಂದರು ಶೆಟ್ಟರು. ಒಂದು ಚಹಾಕ್ಕೆ ಎರಡು ಗಂಟೆ ಕೂರುವ ಗಿರಾಕಿ ನಮ್ಮ ಪಾಟೀಲ.

ಆಯೋಗದ ಖರ್ಚು ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಖಜಾನೆಯಿಂದ ಬರುತ್ತದೆ, ಅದನ್ನು ಶಾಸನಸಭೆಯಲ್ಲಿ ಮತಕ್ಕೆ ಹಾಕುವುದಿಲ್ಲ ಎಂದು ತಿಳಿದದ್ದೇ ತಡ, ಪಾಟೀಲ ಇನ್ನೊಂದು ವಡೆ ತರಿಸಿದ.

ಅಮೆರಿಕದ ಎಷ್ಟೋ ಊರುಗಳ ಆಯೋಗಗಳು ಮೊದಲ ಮೂರು ಹೆಸರು ಕಳಿಸುತ್ತಿದ್ದವಂತೆ, ಅಧಿಕಾರಿ ಮೂವರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ಶೆಟ್ಟರ ಮುಖ ಅರಳಿತು. "ಇದು ಒಳ್ಳೆ ಪದ್ಧತಿ. ಭಾಮೈದ ಮೂರನೆಯವನಾದರೂ ಸಾಕಲ್ವಾ?"

ಮುಂದಿನ ಭಾನುವಾರ ಪರೀಕ್ಷೆ. ಅಭ್ಯರ್ಥಿಗಳು ಇಬ್ಬರೇ: ಊರಿನಿಂದ ಬಂದ ಭಾಮೈದ, ಸಾಂಬಾರ್ ಚೆಲ್ಲಿಕೊಂಡಿದ್ದ ಹುಡುಗ. ಬಿಲ್ಲು 87 ರೂಪಾಯಿ, ನೋಟು 500ರದ್ದು. ಭಾಮೈದ 410 ಎಣಿಸಿ, ಚಿಲ್ಲರೆ ಇಲ್ಲ ಅಂತ ಮೂರು ಚಾಕೊಲೇಟ್ ಕೊಟ್ಟ. "ನೋಡಿ, ವ್ಯಾಪಾರ ಗೊತ್ತು!" ಎಂದರು ಶೆಟ್ಟರು. ಹುಡುಗ ನೋಟು ಮುಟ್ಟಲೇ ಇಲ್ಲ. ಬಿಲ್ಲು ನೋಡಿ, "ಇವರು ಕುಡಿದದ್ದು ಎರಡು ಚಹಾ, ಬರೆದದ್ದು ಒಂದು" ಎಂದ. ಪಾಟೀಲ ತಲೆ ಕೆರೆದುಕೊಂಡ. ಆದರೂ ಅಧ್ಯಕ್ಷನ ಮರ್ಯಾದೆ ಉಳಿಸಿಕೊಂಡು ಹುಡುಗನಿಗೇ ಶಿಫಾರಸು ಬರೆದ.

"ಇದು ಬರೀ ಸಲಹೆ ಅಲ್ವಾ? ನೇಮಕ ಮಾಡೋದು ನಾನು ತಾನೇ?" ಎಂದರು ಶೆಟ್ಟರು.

"ಹೌದು" ಎಂದರು ಮೇಷ್ಟ್ರು. "ಆದರೆ ಸಲಹೆ ಒಪ್ಪದಿದ್ದರೆ, ಯಾಕೆ ಒಪ್ಪಲಿಲ್ಲ ಅಂತ ಸರ್ಕಾರ ಶಾಸಕರ ಸದನಕ್ಕೆ ಕಾರಣ ಕೊಡಬೇಕು. ಸಂವಿಧಾನದ 323ನೇ ವಿಧಿ."

"ಒಪ್ಪಿದರೆ?"

"ಒಪ್ಪಿದರೆ ಕಾರಣ ಬೇಡ."

"ನನ್ನ ಸದನದಲ್ಲಿ ಒಪ್ಪಿದ್ದಕ್ಕೇ ಕಾರಣ ಕೊಡಬೇಕು ಮಾರಾಯ್ರೆ" ಎಂದರು ಶೆಟ್ಟರು. ಅಷ್ಟರಲ್ಲಿ ಗಲ್ಲಾದ ಮೇಲಿದ್ದ ಅವರ ಮೊಬೈಲ್ ಬಡಿದುಕೊಂಡಿತು. ಪರದೆಯ ಮೇಲೆ 'ಮನೆ' ಅಂತಿತ್ತು.