ಮೊಮ್ಮಗಳಿಗೆ ‘ನೀವ್’ ಎಂಬ ಐರಿಷ್ ಹೆಸರು: ಕಾಗುಣಿತ ಬದಲಿಸಬೇಕೇ?

ಪ್ರಶ್ನೆ (ಕುವೆಂಪುನಗರ, ಮೈಸೂರು):
ನಮ್ಮ ಅಳಿಯಂದಿರು ಐರ್ಲೆಂಡಿನ ಗಾಲ್ವೇ ಕಡೆಯವರು. ಈಗ ಮೈಸೂರಿನಲ್ಲೇ ನೆಲೆಸಿರುವ ಅವರೂ ಮಗಳೂ ಕೂಸಿಗೆ ‘ನೀವ್’ ಎಂದು ಹೆಸರಿಡಲು ಬಯಸಿದ್ದಾರೆ. ಐರಿಷ್ ಕ್ರಮದಂತೆ ಅದನ್ನು ಎನ್, ಐ, ಎ, ಎಂ, ಎಚ್ ಎಂದು ಬರೆಯುವುದರಿಂದ ಶಾಲೆಯಲ್ಲಿ ಎಲ್ಲರೂ ‘ನಿಯಾಮ್’ ಎಂದೇ ಓದುವರೆಂಬ ಅಳುಕು ನನಗಿದೆ. ಉಚ್ಚಾರಣೆಗೆ ತಕ್ಕಂತೆ ಬದಲಿಸುವುದು ಸರಿಯೇ?

ಉತ್ತರ (ಮಂಡ್ಯ):
ದಯವಿಟ್ಟು ಬದಲಿಸಬೇಡಿ. ಐರಿಷ್ ಭಾಷೆಯ ಸಾಂಪ್ರದಾಯಿಕ ವರ್ಣಮಾಲೆಯಲ್ಲಿರುವುದು 18 ಅಕ್ಷರಗಳು. ಅವುಗಳಲ್ಲಿ ‘ವಿ’ ಇಲ್ಲದ ಕಾರಣ ‘ಬಿ’ ಅಥವಾ ‘ಎಂ’ ನಂತರ ‘ಎಚ್’ ಸೇರಿಸಿ ವಕಾರವನ್ನು ಸೂಚಿಸುತ್ತಾರೆ. ಹಿಂದೆ ಈ ‘ಎಚ್’ಗೆ ಬದಲಾಗಿ, ನಾವು ‘ಬ’ದ ಹೊಟ್ಟೆ ಸೀಳಿ ‘ಭ’ ಮಾಡುವ ಹಾಗೆ, ಅಕ್ಷರದ ನೆತ್ತಿಯ ಮೇಲೊಂದು ಚುಕ್ಕೆ ಇಡುತ್ತಿದ್ದರು. ‘ಶಿವಾನ್’ ಎಂಬ ಐರಿಷ್ ಹೆಸರಿನಲ್ಲೂ (ಎಸ್, ಐ, ಓ, ಬಿ, ಎಚ್, ಎ, ಎನ್) ಇದೇ ನಿಯಮವಿದ್ದು, ಅಲ್ಲಿ ‘ಎಸ್’ ಪಕ್ಕ ‘ಐ’ ಬಂದದ್ದರಿಂದ ಶಕಾರವಾಗಿದೆ.

ಉತ್ತರ (ಸರಸ್ವತಿಪುರಂ, ಮೈಸೂರು):
ಆಧಾರ್ ಕಾರ್ಡಿನಲ್ಲಿ ಹೆಸರು ಕನ್ನಡದಲ್ಲೂ ಅಚ್ಚಾಗುವುದರಿಂದ ಓದುವವರಿಗೆ ತೊಡಕಿಲ್ಲ. ಆದರೆ ‘ನೀವ್ ಬನ್ನಿ’ ಎನ್ನುವುದು ನಮ್ಮ ಕಡೆಯ ವಾಡಿಕೆಯಾದ್ದರಿಂದ, ಅಜ್ಜಿ ಮೊಮ್ಮಗಳನ್ನು ಬಹುವಚನದಲ್ಲಿ ಕರೆದಂತೆ ಕೇಳಿಸೀತು (ನನಗಂತೂ ಅದೇ ಇಷ್ಟವಾಯಿತು).

ಪ್ರಶ್ನೆ ಕೇಳಿದವರು:
‘ಹೊಳಪು’ ಎಂಬ ಅರ್ಥವಿರುವ ಹೆಸರನ್ನು ಹಾಗೆಯೇ ಉಳಿಸಿ, ನಾಮಕರಣದ ಆಹ್ವಾನಪತ್ರದಲ್ಲಿ ಕನ್ನಡ ರೂಪವನ್ನು ದಪ್ಪ ಅಕ್ಷರಗಳಲ್ಲಿ ಹಾಕಿಸುತ್ತೇವೆ.