ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ರೇಡ್ 0 ಮಾಯ: ಫಾರ್ಮ್ಯಾಟ್ ಒತ್ತುವ ಮೊದಲು ಏನು ನೋಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಡೇಟಾ ರಿಕವರಿ ಕೆಲಸ ಮಾಡುವ ಮೇಡಂ ಈ ಗುಂಪಿನಲ್ಲಿದ್ದಾರೆ, ಅವರು ನೋಡಿದರೆ ಉಪಕಾರ. ನನ್ನದು ಇಂಟೆಲ್ ಪ್ರೊಸೆಸರ್‌ನ ಗೇಮಿಂಗ್ ಲ್ಯಾಪ್‌ಟಾಪ್. ಕೊಂಡಾಗಲೇ 1 ಟಿಬಿಯ ಎರಡು ಎನ್‌ವಿಎಂಇ ಎಸ್‌ಎಸ್‌ಡಿ ಸೇರಿಸಿ ರೇಡ್ 0 (ಡೇಟಾವನ್ನು ಎರಡೂ ಡಿಸ್ಕ್‌ಗೆ ಹಂಚಿ ಬರೆಯುವ ಜೋಡಣೆ) ಮಾಡಿಕೊಟ್ಟಿದ್ದರು. ವಿಂಡೋಸ್‌ನಲ್ಲಿ ಒಂದೇ 2 ಟಿಬಿ ಡ್ರೈವ್ ಥರ ಕಾಣ್ತಿತ್ತು. ನಿನ್ನೆ ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿದೆ. ಆಮೇಲಿಂದ ಬೂಟ್ ಡಿವೈಸ್ ಸಿಗ್ತಿಲ್ಲ ಅಂತ ಬರ್ತಿದೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಹಾಕಿ ನೋಡಿದರೆ ಎರಡು ಡಿಸ್ಕ್ ಬೇರೆ ಬೇರೆಯಾಗಿ, ಎರಡೂ ಖಾಲಿ ಅಂತ ತೋರಿಸ್ತಿದೆ. ಇನ್ನೂ ಏನೂ ಮುಟ್ಟಿಲ್ಲ. ಗೇಮ್ ಹೋದರೆ ಹೋಗಲಿ, ಎಡಿಟ್ ಮಾಡ್ತಿದ್ದ ವಿಡಿಯೊಗಳೆಲ್ಲ ಅದರಲ್ಲೇ ಇವೆ. ಬೇರೆ ಕಾಪಿ ಇಲ್ಲ. ಎರಡೂ ಎಸ್‌ಎಸ್‌ಡಿ ಒಟ್ಟಿಗೇ ಸತ್ತವಾ?

ಉತ್ತರ

ಏನೂ ಮುಟ್ಟದೆ ಕೇಳಿದಿರಲ್ಲ, ಅರ್ಧ ಕೆಲಸ ಅಲ್ಲೇ ಆಯಿತು. ಆ ಪೆನ್‌ಡ್ರೈವ್ ಕಿತ್ತು ಪಕ್ಕಕ್ಕಿಡಿ.

ಎರಡು ಎಸ್‌ಎಸ್‌ಡಿ ಒಂದೇ ದಿನ, ಅದೂ ಬಯೋಸ್ ಅಪ್‌ಡೇಟ್ ಆದ ಗಳಿಗೆಗೇ ಸಾಯುವುದು ಬಹಳ ಅಪರೂಪ. ಅಪ್‌ಡೇಟ್ ಆದಾಗ ಬಯೋಸ್ ಸೆಟ್ಟಿಂಗ್‌ಗಳು ಮೊದಲಿನ ಸ್ಥಿತಿಗೆ ಮರಳುವುದು ಮಾಮೂಲು. ಆಗ ಸ್ಟೋರೇಜ್ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ, ಅಂದರೆ ಡಿಸ್ಕ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಮಾಮೂಲಿ ಮೋಡ್‌ಗೆ ಜಾರಿರುತ್ತದೆ. ಬಯೋಸ್ ಸೆಟ್ಟಿಂಗ್‌ಗಳನ್ನು ಉಳಿಸುವ ಪುಟ್ಟ ಸಿಮಾಸ್ ಬ್ಯಾಟರಿ ಪೂರ್ತಿ ಇಳಿದಾಗಲೂ ಹೀಗೇ ಆಗುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ರೇಡ್‌ಗೆಂದು ಬೇರೆ ಕಾರ್ಡೇನೂ ಇಲ್ಲ. ಯಾವ ಡಿಸ್ಕ್ ಯಾವುದರ ಜೊತೆ, ಯಾವ ಕ್ರಮದಲ್ಲಿ ಸೇರಿದೆ ಎಂಬ ಮಾಹಿತಿ ಆ ಡಿಸ್ಕ್‌ಗಳ ಕೊನೆಯ ಭಾಗದಲ್ಲೇ ಬರೆದಿರುತ್ತದೆ. ಅದನ್ನು ಓದಿ ಎರಡನ್ನೂ ಒಂದು ಮಾಡಿ ತೋರಿಸುವುದು ಬಯೋಸ್ ಮತ್ತು ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್. ಮೋಡ್ ತಪ್ಪಿದರೆ ಅದನ್ನು ಓದುವವರೇ ಇಲ್ಲ. ಒಂದೇ ಕಾದಂಬರಿಯ ಬೆಸ ಪುಟಗಳು ಒಬ್ಬರ ಕೈಯಲ್ಲಿ, ಸರಿ ಪುಟಗಳು ಇನ್ನೊಬ್ಬರ ಕೈಯಲ್ಲಿ ಇದ್ದ ಹಾಗೆ. ಬಿಡಿಯಾಗಿ ನೋಡಿದ ವಿಂಡೋಸ್‌ಗೆ ಎರಡೂ ಅರ್ಥವಾಗದೆ ಖಾಲಿ ಅನ್ನುತ್ತಿದೆ.

ಬಯೋಸ್‌ಗೆ ಹೋಗಿ ಅಡ್ವಾನ್ಸ್ಡ್ ಭಾಗದಲ್ಲಿ ಸಾಟಾ ಮೋಡ್ ಅಥವಾ ಸ್ಟೋರೇಜ್ ಮೋಡ್ ಹುಡುಕಿ. 11ನೇ ಪೀಳಿಗೆಯ ಇಂಟೆಲ್ ಅಥವಾ ಅದಕ್ಕಿಂತ ಹೊಸದಾದರೆ ಅದೇ ಜಾಗದಲ್ಲಿ ವಿಎಂಡಿ (ಎನ್‌ವಿಎಂಇ ಡಿಸ್ಕ್‌ಗಳನ್ನು ನಿಭಾಯಿಸುವ ಇಂಟೆಲ್ ಸೌಲಭ್ಯ) ಎಂಬ ಆಯ್ಕೆ ಇರುತ್ತದೆ. ಸಾಟಾ ಅಥವಾ ಸ್ಟೋರೇಜ್ ಮೋಡ್ ಆದರೆ ರೇಡ್‌ಗೆ ಬದಲಿಸಿ, ವಿಎಂಡಿ ಆದರೆ ಆನ್ ಮಾಡಿ. ಸೇವ್ ಮಾಡಿ ಹೊರಬನ್ನಿ, ಮತ್ತೆ ಬಯೋಸ್‌ಗೇ ಹೋಗಿ. ಈಗ ಇಂಟೆಲ್ ರಾಪಿಡ್ ಸ್ಟೋರೇಜ್ ಎಂಬ ಹೊಸ ಮೆನು ಕಾಣಬೇಕು. ಒಳಗೆ ನಿಮ್ಮ ರೇಡ್ ವಾಲ್ಯೂಮ್, ಪಕ್ಕದಲ್ಲಿ ಅದರ ಸ್ಥಿತಿ ಇರುತ್ತದೆ. 'ನಾರ್ಮಲ್' ಎಂದಿದ್ದರೆ ನೇರ ವಿಂಡೋಸ್‌ಗೆ ಬೂಟ್ ಮಾಡಿ.

ಆ ಮೆನುವಿನಲ್ಲಿ 'ಕ್ರಿಯೇಟ್ ವಾಲ್ಯೂಮ್', 'ಡಿಲೀಟ್', 'ರಿಸೆಟ್ ಟು ನಾನ್ ರೇಡ್' ಎಂಬ ಆಯ್ಕೆಗಳೂ ಇರುತ್ತವೆ. ಮೂರರ ಹತ್ತಿರವೂ ಸುಳಿಯಬೇಡಿ. ವಿಂಡೋಸ್ 'ಇನಿಷಿಯಲೈಸ್ ಡಿಸ್ಕ್' ಅಂತ ಕೇಳಿದರೂ ಬೇಡ ಎನ್ನಿ. ನನ್ನ ಬಳಿ ಬರುವ ರೇಡ್ 0 ಕೇಸ್‌ಗಳಲ್ಲಿ ಡೇಟಾ ಕೆಡುವುದು ಮೊದಲ ತೊಂದರೆಯಿಂದಲ್ಲ, ಅದಾದ ಮೇಲೆ ಗಾಬರಿಯಲ್ಲಿ ಒತ್ತಿದ ಇಂಥ ಬಟನ್‌ಗಳಿಂದ.

ಪ್ರಶ್ನೆ ಕೇಳಿದವರು

ಮೇಡಂ, ಅಡ್ವಾನ್ಸ್ಡ್ ಅನ್ನುವ ಪುಟವೇ ಇಲ್ಲ ನನ್ನ ಬಯೋಸ್‌ನಲ್ಲಿ. ಮೇನ್, ಸೆಕ್ಯುರಿಟಿ, ಬೂಟ್ ಅಷ್ಟೇ.

ಉತ್ತರ

ಮೇನ್ ಪುಟದಲ್ಲಿ ನಿಂತು ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿ ನೋಡಿ. ಏಸರ್‌ನ ಹಲವು ಮಾಡೆಲ್‌ಗಳಲ್ಲಿ ಈ ಆಯ್ಕೆ ಹೀಗೆ ಅಡಗಿರುತ್ತದೆ. ಯಾಕೆ ಅಡಗಿಸಿಟ್ಟರು ಅಂತ ನನ್ನನ್ನು ಕೇಳಬೇಡಿ.

ಪ್ರಶ್ನೆ ಕೇಳಿದವರು

ಬಂತು! ವಿಎಂಡಿ ಆನ್ ಮಾಡಿದೆ, ರೇಡ್ ವಾಲ್ಯೂಮ್ ಕಾಣ್ತಿದೆ. ಆದರೆ ಸ್ಥಿತಿ 'ಫೇಲ್ಡ್'. ಕೆಳಗೆ ಒಂದೇ ಡಿಸ್ಕ್ ಇದೆ, ಇನ್ನೊಂದು 'ಮಿಸ್ಸಿಂಗ್'. ಸಂಜೆ ಪೆನ್‌ಡ್ರೈವ್‌ನಲ್ಲಿ ಎರಡೂ ಕಾಣ್ತಿದ್ದವಲ್ಲ? ಹಾಂ, ನಡುವೆ ತಮ್ಮ ಹಿಂದಿನ ಮುಚ್ಚಳ ತೆಗೆದು ಫ್ಯಾನ್ ಕ್ಲೀನ್ ಮಾಡಿದ.

ಉತ್ತರ

ತಮ್ಮನಿಗೆ ಇವತ್ತೇ ಮುಹೂರ್ತ ಸಿಕ್ಕಿತಾ?

ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿಯೇ. ಸಂಜೆ ಕಂಡಿದ್ದ ಡಿಸ್ಕ್ ಈಗ ಕಾಣುತ್ತಿಲ್ಲ ಎಂದರೆ ಅದು ಸ್ಲಾಟ್‌ನಲ್ಲಿ ಸರಿಯಾಗಿ ಕೂತಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಒಳಗಿನ ಬ್ಯಾಟರಿಯ ಕನೆಕ್ಟರ್ ಬಿಡಿಸಲು ಬಂದರೆ ಬಿಡಿಸಿ. ಎಸ್‌ಎಸ್‌ಡಿಯ ಸಣ್ಣ ಸ್ಕ್ರೂ ಬಿಚ್ಚಿದರೆ ಅದು ತಾನೇ ಓರೆಯಾಗಿ ಮೇಲೇಳುತ್ತದೆ. ಹೊರಗೆಳೆದು, ಅದೇ ಓರೆಯಲ್ಲಿ ಪೂರ್ತಿ ಒಳಕ್ಕೆ ತಳ್ಳಿ, ಒತ್ತಿ ಹಿಡಿದು ಸ್ಕ್ರೂ ಹಾಕಿ. ಚಿನ್ನದ ಬಣ್ಣದ ಪಟ್ಟಿಗಳು ಹೊರಗೆ ಕಾಣುತ್ತಿದ್ದರೆ ಇನ್ನೂ ಕೂತಿಲ್ಲ ಎಂದರ್ಥ. ಮೇಲೆ ಥರ್ಮಲ್ ಪ್ಯಾಡ್ ಇದ್ದರೆ ಮರೆಯದೆ ವಾಪಸ್ ಇಡಿ. ಅದಿಲ್ಲದೆ ಎಸ್‌ಎಸ್‌ಡಿ ಬಿಸಿಯಾಗಿ ವೇಗ ಇಳಿಸಿಕೊಳ್ಳುತ್ತದೆ. ಅತಿಯಾದರೆ ಕೆಲಸದ ನಡುವೆಯೇ ಕಣ್ಮರೆಯಾಗಬಹುದು, ರೇಡ್ 0ಗೆ ಅಷ್ಟು ಸಾಕು ಒಡೆಯಲು.

ಇಷ್ಟಾದರೂ ಕಾಣದಿದ್ದರೆ ಮುಂದೆ ಪ್ರಯೋಗ ಬೇಡ. ಆಮೇಲಿನ ದಾರಿ ಎಂದರೆ ಎರಡೂ ಡಿಸ್ಕ್‌ಗಳ ಪೂರ್ತಿ ಇಮೇಜ್ (ಇಡೀ ಡಿಸ್ಕ್‌ನ ಯಥಾವತ್ ನಕಲು) ತೆಗೆದು, ಆ ಇಮೇಜ್‌ಗಳ ಮೇಲೆ ಕೆಲಸ ಮಾಡುವುದು. ಲಿನಕ್ಸ್‌ನಲ್ಲಿ ರೇಡ್ ನಿಭಾಯಿಸುವ ಎಂಡಿಎಡಿಎಂ ಎಂಬ ಸಾಫ್ಟ್‌ವೇರ್‌ಗೆ ಇಂಟೆಲ್ ರೇಡ್‌ನ ಮಾಹಿತಿ ಓದಲು ಬರುತ್ತದೆ, ಹಾಗಾಗಿ ಲ್ಯಾಪ್‌ಟಾಪ್ ಬೋರ್ಡ್ ಹಾಳಾದರೂ ಡೇಟಾ ಹೊರತೆಗೆಯಬಹುದು. ಆದರೆ ಎರಡೂ ಡಿಸ್ಕ್ ಓದಲು ಬರಬೇಕು.

ಪ್ರಶ್ನೆ ಕೇಳಿದವರು

ಮೇಡಂ, ಕೂತಿತು! ನಾರ್ಮಲ್ ಅಂತ ಬಂತು. ಈಗ ನೀಲಿ ಪರದೆಯಲ್ಲಿ ಬಿಟ್‌ಲಾಕರ್ ರಿಕವರಿ ಕೀ ಕೇಳ್ತಿದೆ. ನಾನು ಯಾವತ್ತೂ ಬಿಟ್‌ಲಾಕರ್ ಹಾಕೇ ಇಲ್ಲ.

ಉತ್ತರ

ಬಿಟ್‌ಲಾಕರ್ ಎಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಎನ್‌ಕ್ರಿಪ್ಷನ್ ಬೀಗ. ನೀವು ಹಾಕಿಲ್ಲ, ವಿಂಡೋಸ್ ತಾನೇ ಹಾಕಿಕೊಂಡಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎನ್‌ಕ್ರಿಪ್ಷನ್ ಸದ್ದಿಲ್ಲದೆ ಆನ್ ಆಗಿರುತ್ತದೆ. ಬಯೋಸ್ ಬದಲಾದ್ದರಿಂದ ಅದಕ್ಕೆ ಅನುಮಾನ ಬಂದಿದೆ, ಅಷ್ಟೇ. ಫೋನ್‌ನಲ್ಲಿ ಅದೇ ಖಾತೆಗೆ ಲಾಗಿನ್ ಆಗಿ, ಡಿವೈಸ್‌ಗಳ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್‌ನ ರಿಕವರಿ ಕೀ ನೋಡಿ, 48 ಅಂಕಿಗಳಿರುತ್ತವೆ. ಪರದೆಯ ಮೇಲಿನ ಕೀ ಐಡಿಗೂ ಖಾತೆಯಲ್ಲಿರುವ ಐಡಿಗೂ ತಾಳೆಯಾಗಬೇಕು. ಇನ್ನು ಮುಂದೆ ಬಯೋಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಸಸ್ಪೆಂಡ್ (ತಾತ್ಕಾಲಿಕವಾಗಿ ನಿಲ್ಲಿಸುವುದು) ಮಾಡಿ.

ವಿಂಡೋಸ್ ತೆರೆದ ತಕ್ಷಣ ಮೊದಲ ಕೆಲಸ, ವಿಡಿಯೊ ಫೋಲ್ಡರ್ ಹೊರಗಿನ ಡ್ರೈವ್‌ಗೆ ಕಾಪಿ. ಗೇಮ್ ತೆರೆದು ಚೆಕ್ ಮಾಡುವುದು ಆಮೇಲೆ. ನಂತರ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಆ್ಯಪ್‌ನಲ್ಲಿ ಎರಡೂ ಎಸ್‌ಎಸ್‌ಡಿಯ ಆರೋಗ್ಯ ನೋಡಿ. ಮೀಡಿಯಾ ಮತ್ತು ಡೇಟಾ ಇಂಟೆಗ್ರಿಟಿ ಎರರ್ ಎಂಬ ಸಾಲಿನಲ್ಲಿ ಸೊನ್ನೆ ಇರಬೇಕು.

ಪ್ರಶ್ನೆ ಕೇಳಿದವರು

ಕಾಪಿ ಆಗ್ತಿದೆ, ಎರಡರಲ್ಲೂ ಸೊನ್ನೆಯೇ ಇದೆ. ತುಂಬಾ ಥ್ಯಾಂಕ್ಸ್ ಮೇಡಂ. ರೇಡ್ 0 ಹಾಗೇ ಇಟ್ಟುಕೊಳ್ಳಲಾ? ಗೇಮ್ ಬೇಗ ಲೋಡ್ ಆಗುತ್ತೆ ಅಂತಾರೆ.

ಉತ್ತರ

ನಾನಾದರೆ ತೆಗೆಯುತ್ತೇನೆ. ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಎಂಇ ರೇಡ್ 0 ಜಾಹೀರಾತಿನ ಅಂಕಿಗೆ ಮಾತ್ರ ಉಪಯೋಗ ಅನ್ನುವುದು ನನ್ನ ಅಭಿಪ್ರಾಯ.

ರೇಡ್ 0 ಹೆಚ್ಚಿಸುವುದು ದೊಡ್ಡ ಫೈಲ್‌ಗಳನ್ನು ಒಂದೇ ಸಮನೆ ಓದುವ, ಬರೆಯುವ ವೇಗವನ್ನು. ಗೇಮ್ ಲೋಡ್ ಆಗುವಾಗ ಸಾವಿರಾರು ಸಣ್ಣ ತುಣುಕುಗಳನ್ನು ಓದಿ, ಪ್ರೊಸೆಸರ್ ಅವನ್ನು ಬಿಚ್ಚಬೇಕು. ಸಣ್ಣ ತುಣುಕು ಒಂದೇ ಡಿಸ್ಕ್‌ನಲ್ಲಿ ಇರುವುದರಿಂದ ಎರಡನೆಯದು ಇದ್ದೂ ಲಾಭವಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಲ್ಲುತ್ತಿದ್ದ ಕಾಲದಲ್ಲಿ ಎರಡು ಸೇರಿಸಲು ಕಾರಣವಿತ್ತು. ಪಿಸಿಐಇ 4.0ರ ಒಂದೇ ಡ್ರೈವ್ ಈಗ 7,000 ಎಂಬಿ ಮುಟ್ಟುತ್ತದೆ. ಹಳೆಯ ಲ್ಯಾಪ್‌ಟಾಪ್‌ಗಳ ಕಥೆ ಇನ್ನೂ ತಮಾಷೆ. ಹಲವುಗಳಲ್ಲಿ ಎರಡೂ ಸ್ಲಾಟ್ ಚಿಪ್‌ಸೆಟ್ ಮೂಲಕವೇ ಪ್ರೊಸೆಸರ್ ತಲುಪಬೇಕು. ಚಿಪ್‌ಸೆಟ್‌ನಿಂದ ಪ್ರೊಸೆಸರ್‌ಗೆ ಹೋಗುವ ಆ ಡಿಎಂಐ 3.0 ದಾರಿಯ ಮಿತಿ ಸೆಕೆಂಡಿಗೆ ಸುಮಾರು 3.9 ಜಿಬಿ. ಒಂದೇ ಒಳ್ಳೆಯ ಡ್ರೈವ್ ಅದರಲ್ಲಿ 3.5 ಜಿಬಿ ತುಂಬುವಾಗ ಎರಡನೆಯದಕ್ಕೆ ಉಳಿಯುವುದೆಷ್ಟು?

ಕಳೆದುಕೊಳ್ಳುವುದು ಮಾತ್ರ ಪಕ್ಕಾ: ಎರಡರಲ್ಲಿ ಯಾವುದು ಹೋದರೂ ಎಲ್ಲ ಹೋಗುತ್ತದೆ, ಅಂದರೆ ಅಪಾಯ ಹೆಚ್ಚುಕಡಿಮೆ ದುಪ್ಪಟ್ಟು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಬಗ್ಗೆ ಬರೆದ ಪ್ರಬಂಧದಲ್ಲಿ 1ರಿಂದ 5ರವರೆಗಿನ ಹಂತಗಳಷ್ಟೇ ಇದ್ದವು. ಯಾವ ರಕ್ಷಣೆಯೂ ಇಲ್ಲದ ಈ ಸೊನ್ನೆ ಆಮೇಲೆ ಸೇರಿಕೊಂಡದ್ದು.

ಇನ್ನೊಬ್ಬ ಸದಸ್ಯರು

ಹಾಗಾದರೆ ರೇಡ್ 1 ಮಾಡಿದರೆ ಬ್ಯಾಕಪ್ ಚಿಂತೆ ಇಲ್ಲ ಅಲ್ವಾ ಮೇಡಂ?

ಉತ್ತರ

ಇದೆ. ರೇಡ್ 1 ಎಂದರೆ ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾದ ನಕಲು. ಅದರಲ್ಲಿ ನೀವು ಡಿಲೀಟ್ ಮಾಡಿದ್ದು ಎರಡೂ ಕಡೆ ಅದೇ ಕ್ಷಣ ಡಿಲೀಟ್ ಆಗುತ್ತದೆ. ವೈರಸ್ ಬಂದರೂ ಹಾಗೇ, ಲ್ಯಾಪ್‌ಟಾಪ್ ಕಳುವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲಬಾರದು ಅನ್ನುವವರಿಗೆ ಅದು ಸರಿ.

ಮತ್ತೊಬ್ಬ ಸದಸ್ಯರು

ಅಕ್ಕಾ, ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದೇ ಎಸ್‌ಎಸ್‌ಡಿ ಇದೆ, ಆದರೂ ಬಯೋಸ್‌ನಲ್ಲಿ ರೇಡ್ ಆನ್ ಅಂತಿದೆ. ಎಎಚ್‌ಸಿಐ ಮಾಡಿದರೆ ನೀಲಿ ಪರದೆ ಬಂದು 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅನ್ನುತ್ತೆ. ಮತ್ತೆ ರೇಡ್ ಮಾಡಿದರೆ ಸರಿಹೋಗುತ್ತೆ. ಲಿನಕ್ಸ್ ಹಾಕೋಕೆ ಎಎಚ್‌ಸಿಐ ಬೇಕು.

ಉತ್ತರ

ರೇಡ್ ಮೋಡ್ ಬೇರೆ, ರೇಡ್ ವಾಲ್ಯೂಮ್ ಬೇರೆ. ಎಷ್ಟೋ ಲ್ಯಾಪ್‌ಟಾಪ್‌ಗಳು ಒಂದೇ ಡಿಸ್ಕ್ ಇದ್ದರೂ ರೇಡ್ ಮೋಡ್‌ನಲ್ಲೇ ಬರುತ್ತವೆ. ಬೂಟ್ ಆಗುವಾಗ ಬೇಕಾದ ಡ್ರೈವರನ್ನು ವಿಂಡೋಸ್ ಎಬ್ಬಿಸುತ್ತಿಲ್ಲ, ಅದಕ್ಕೇ ನೀಲಿ ಪರದೆ. ಮೊದಲು ಬಿಟ್‌ಲಾಕರ್ ಕೀ ಬರೆದಿಟ್ಟುಕೊಂಡು ಸಸ್ಪೆಂಡ್ ಮಾಡಿ. ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಟಿಕ್ ಮಾಡಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ತೆರೆಯಲು ಬಿಡದೆ ನೇರ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಸೇಫ್ ಮೋಡ್‌ನಲ್ಲಿ ಸರಿಯಾದ ಡ್ರೈವರ್ ತಾನೇ ಹತ್ತುತ್ತದೆ. ಆಮೇಲೆ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಖಾತೆಯ ನಿಜವಾದ ಪಾಸ್‌ವರ್ಡ್ ನೆನಪಿರಲಿ, ಸೇಫ್ ಮೋಡ್‌ನಲ್ಲಿ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ. ಆಪ್ಟೇನ್ ಮೆಮೊರಿ (ಡಿಸ್ಕ್‌ನ ವೇಗ ಹೆಚ್ಚಿಸಲು ಇಂಟೆಲ್ ಕೊಡುತ್ತಿದ್ದ ಮೆಮೊರಿ) ಇರುವ ಲ್ಯಾಪ್‌ಟಾಪ್ ಆದರೆ ಮೊದಲು ಅದನ್ನು ಇಂಟೆಲ್ ಆ್ಯಪ್‌ನಲ್ಲಿ ಡಿಸೇಬಲ್ ಮಾಡದೆ ಇದಕ್ಕೆ ಕೈ ಹಾಕಬೇಡಿ.

ಪ್ರಶ್ನೆ ಕೇಳಿದವರು

ಕಾಪಿ ಮುಗೀತು ಮೇಡಂ, ಒಂದೆರಡು ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆದೂ ನೋಡಿದೆ. ರೇಡ್ ತೆಗೆಯುತ್ತೇನೆ. ಹೇಗೆ ಶುರು ಮಾಡಲಿ?

ಉತ್ತರ

ಈಗ ಡಿಲೀಟ್ ಒತ್ತಬಹುದು. ಅದೇ ರಾಪಿಡ್ ಸ್ಟೋರೇಜ್ ಮೆನುವಿನಲ್ಲಿ ವಾಲ್ಯೂಮ್ ಅಳಿಸಿ, ನಂತರ ವಿಎಂಡಿ ಆಫ್ ಮಾಡಿ, ಪೆನ್‌ಡ್ರೈವ್‌ನಿಂದ ಹೊಸದಾಗಿ ವಿಂಡೋಸ್ ಹಾಕಿ. ವಿಎಂಡಿ ಆನ್ ಇಟ್ಟೇ ಹಾಕಲು ಹೋದರೆ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದೆ ಹೋಗಬಹುದು. ಆಗ 'ಲೋಡ್ ಡ್ರೈವರ್' ಒತ್ತಿ ಇಂಟೆಲ್ ಡ್ರೈವರ್ ಕೊಡಬೇಕಾಗುತ್ತದೆ, ನಿಮಗೆ ಆ ತಲೆನೋವು ಬೇಡ. ಥರ್ಮಲ್ ಪ್ಯಾಡ್ ಇರುವ ಸ್ಲಾಟ್‌ನ ಎಸ್‌ಎಸ್‌ಡಿಗೆ ವಿಂಡೋಸ್ ಮತ್ತು ವಿಡಿಯೊ ಕೆಲಸ, ಇನ್ನೊಂದಕ್ಕೆ ಗೇಮ್‌ಗಳು. ಹಾಕುವಾಗ ಗೇಮ್‌ಗಳ ಎಸ್‌ಎಸ್‌ಡಿಯನ್ನು ತೆಗೆದಿಟ್ಟಿರಿ. ಇಲ್ಲದಿದ್ದರೆ ವಿಂಡೋಸ್ ಒಂದರಲ್ಲಿ ಕೂತು, ಅದರ ಬೂಟ್ ಪಾರ್ಟಿಷನ್ ಇನ್ನೊಂದರಲ್ಲಿ ಕೂರುವುದುಂಟು.